ಡೆಲಿಗೇಟ್ ಪಟ್ಟಿಯಲ್ಲಿ ಯಾರು ಮುಂದೆ? ಒಂದೊಂದು ಕಡೆ ಒಂದೊಂದು ಸಂಖ್ಯೆ ಯಾಕೆ?

2028ರಲ್ಲಿ ಅಮೆರಿಕದ ಎರಡೂ ದೊಡ್ಡ ಪಕ್ಷಗಳು ಅಧ್ಯಕ್ಷ ಸ್ಥಾನಕ್ಕೆ ಹೊಸ ಅಭ್ಯರ್ಥಿಯನ್ನು ಹುಡುಕಬೇಕು. ಡೊನಾಲ್ಡ್ ಟ್ರಂಪ್ ಎರಡು ಸಲ ಗೆದ್ದಾಗಿದೆ. ಅಲ್ಲಿನ ಸಂವಿಧಾನದ 22ನೇ ತಿದ್ದುಪಡಿ ಪ್ರಕಾರ ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಆಯ್ಕೆಯಾಗುವಂತಿಲ್ಲ. ಹಾಲಿ ಅಧ್ಯಕ್ಷರು ಕಣದಲ್ಲಿ ಇಲ್ಲದೆ ಎರಡೂ ಪಕ್ಷಗಳಲ್ಲಿ ಪೈಪೋಟಿ ನಡೆದದ್ದು 2016ರಲ್ಲೇ ಕೊನೆ. ಯಾವ ರಾಜ್ಯ ಮೊದಲು ಮತ ಹಾಕಬೇಕು ಎಂಬ ಹಗ್ಗಜಗ್ಗಾಟ ಡೆಮಾಕ್ರಟಿಕ್ ಪಕ್ಷದಲ್ಲಿ ಆಗಲೇ ಶುರುವಾಗಿದೆ.

ಮತದಾನ ಆರಂಭವಾದ ಮೇಲೆ ಎಲ್ಲ ಸುದ್ದಿಸಂಸ್ಥೆಗಳೂ ದಿನವೂ ಒಂದು ಪಟ್ಟಿ ಹಾಕುತ್ತವೆ. ಇಂಥವರಿಗೆ ಇಷ್ಟು ಡೆಲಿಗೇಟ್, ಗೆಲ್ಲಲು ಬೇಕಾದದ್ದು ಇಷ್ಟು. ಡೆಲಿಗೇಟ್ ಎಂದರೆ ಪಕ್ಷದ ಸಮಾವೇಶದಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿ. ತೊಡಕು ಅಲ್ಲಿಂದಲೇ ಶುರು. ಒಂದೇ ದಿನ, ಒಂದೇ ಸ್ಪರ್ಧೆ, ಆದರೆ ಎರಡು ಕಡೆ ನೋಡಿದರೆ ಎರಡು ಸಂಖ್ಯೆ.

2008ರ ಜನವರಿಯನ್ನೇ ನೋಡಿ. ಡೆಮಾಕ್ರಟಿಕ್ ಪಕ್ಷದ ಮೊದಲ ಸ್ಪರ್ಧೆ ಅಯೋವಾದಲ್ಲಿ ನಡೆಯಿತು. ಗೆದ್ದವರು ಬರಾಕ್ ಒಬಾಮಾ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಿಲರಿ ಕ್ಲಿಂಟನ್ ಗೆದ್ದರು, ಆದರೆ ಇಬ್ಬರಿಗೂ ತಲಾ 9 ಡೆಲಿಗೇಟ್ ಸಿಕ್ಕಿತು. ಹಾಗಾದರೆ ಒಬಾಮಾ ಮುಂದಿರಬೇಕು ಅಲ್ವಾ? ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಪಟ್ಟಿಯಲ್ಲಿ ಮುಂದಿದ್ದವರು ಕ್ಲಿಂಟನ್. ಪಕ್ಷದ ಮುಖಂಡರು ಬಾಯಿಮಾತಿನಲ್ಲಿ ಹೇಳಿದ ಬೆಂಬಲವನ್ನೂ ಅದು ಸೇರಿಸಿತ್ತು. ಅದೇ ಸ್ಪರ್ಧೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅಧಿಕೃತವಾಗಿ ಆಯ್ಕೆಯಾಗಿ ಬದ್ಧರಾದ ಡೆಲಿಗೇಟ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಹಾಗಾಗಿ ಅದರ ಸಂಖ್ಯೆ ಉಳಿದವರಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದನ್ನು ಎಣಿಸುತ್ತಿದ್ದರು, ಅಷ್ಟೆ.

ಈ ಗೊಂದಲ ಬಿಡಿಸಲು ಒಂದು ಮಾತನ್ನು ಮೊದಲೇ ಹೇಳಬೇಕು. ಪಕ್ಷದ ಸಮಾವೇಶದಲ್ಲಿ ಮತ ಬೀಳುವವರೆಗೆ ಡೆಲಿಗೇಟ್ ಸಂಖ್ಯೆ ಫಲಿತಾಂಶವಲ್ಲ, ಅಂದಾಜು. ಆ ಅಂದಾಜಿನಲ್ಲಿ ಗಟ್ಟಿ ಭಾಗ ಯಾವುದು, ಬರೀ ಬಾಯಿಮಾತು ಯಾವುದು ಎಂದು ಬೇರೆ ಬೇರೆ ತೋರಿಸದೆ ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತ ಕೊಟ್ಟರೆ ಓದುಗರಿಗೆ ಅನ್ಯಾಯವಾಗುತ್ತದೆ.

ಅಧಿಕೃತ ಲೆಕ್ಕ ಇಡುವವರೇ ಇಲ್ಲ

ನಮ್ಮಲ್ಲಿ ಚುನಾವಣೆ ಎಂದರೆ ಚುನಾವಣಾ ಆಯೋಗ ನೆನಪಾಗುತ್ತದೆ. ಸುತ್ತು ಸುತ್ತಿನ ಎಣಿಕೆ, ಕೊನೆಗೆ ಒಂದೇ ಅಧಿಕೃತ ಅಂಕಿ. ಅಮೆರಿಕದ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನಕ್ಕೆ, ಅಂಥ ಕೇಂದ್ರ ಸಂಸ್ಥೆ ಇಲ್ಲ. ಮತ ಎಣಿಸುವುದು ಸಾಮಾನ್ಯವಾಗಿ ರಾಜ್ಯ ಸರ್ಕಾರ. ಆ ಮತಕ್ಕೆ ಎಷ್ಟು ಡೆಲಿಗೇಟ್ ಎಂದು ತೀರ್ಮಾನಿಸುವುದು ಪಕ್ಷ. ಮತಗಟ್ಟೆಯ ಬದಲು ಜನ ಸಭೆ ಸೇರಿ ಆರಿಸುವ ಕಾಕಸ್ ನಡೆಯುವ ಕಡೆ ಎಣಿಕೆಯೂ ಪಕ್ಷದ ಕೈಯಲ್ಲೇ. ಐವತ್ತು ರಾಜ್ಯ, ಎರಡು ಪಕ್ಷ, ಜೊತೆಗೆ ಪೋರ್ಟೊ ರಿಕೊದಂಥ ಪ್ರದೇಶಗಳು. ಒಂದೊಂದಕ್ಕೂ ಅದರದ್ದೇ ನಿಯಮ. ಇವನ್ನೆಲ್ಲ ಓದಿ, ಮತಗಳನ್ನು ಡೆಲಿಗೇಟ್‌ಗಳಾಗಿ ಬದಲಿಸಿ ಲೆಕ್ಕ ಹಾಕುವ ಕೆಲಸ ಸುದ್ದಿಸಂಸ್ಥೆಗಳ ಮೇಲೆ ಬಿದ್ದಿದೆ.

ಇದು ಹೀಗಾಗಲು ಹಳೆಯ ಕಾರಣವಿದೆ. 1968ರವರೆಗೆ ಹೆಚ್ಚಿನ ಡೆಲಿಗೇಟ್‌ಗಳನ್ನು ಪಕ್ಷದ ಮುಖಂಡರೇ ಆರಿಸುತ್ತಿದ್ದರು. ಆ ವರ್ಷ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧ ವಿರೋಧಿಸುತ್ತಿದ್ದ ಯುವಜನ ಸಿಟ್ಟಿಗೆದ್ದರು. ಷಿಕಾಗೊ ಸಮಾವೇಶದ ಹೊರಗೆ ಪೊಲೀಸರ ಲಾಠಿ ಬೀಸಾಡಿತು. ಆಮೇಲೆ ಬಂದದ್ದು ಮ್ಯಾಕ್‌ಗವರ್ನ್–ಫ್ರೇಸರ್ ಆಯೋಗ. ಡೆಲಿಗೇಟ್ ಆಯ್ಕೆ ಮತದಾರರ ಕಣ್ಣೆದುರೇ ನಡೆಯಬೇಕು ಎಂಬ ನಿಯಮ ಬಂತು. ಅದನ್ನು ಪಾಲಿಸಲು ಸುಲಭದ ದಾರಿ ಪ್ರೈಮರಿ ಎಂದು ಬಹಳ ರಾಜ್ಯಗಳು ಅತ್ತ ಹೊರಳಿದವು.

ಆದರೆ ಮುಖಂಡರು ಪೂರ್ತಿ ಕೈ ಬಿಡಲಿಲ್ಲ. 1982ರಲ್ಲಿ ಹಂಟ್ ಆಯೋಗದ ಸಲಹೆಯಂತೆ ಸೂಪರ್ ಡೆಲಿಗೇಟ್‌ಗಳು ಹುಟ್ಟಿಕೊಂಡರು. ಪಕ್ಷದ ಸಂಸದರು, ಗವರ್ನರ್‌ಗಳು, ರಾಷ್ಟ್ರೀಯ ಸಮಿತಿಯ ಸದಸ್ಯರು, ಹಳೆಯ ಅಧ್ಯಕ್ಷರು ಇವರೆಲ್ಲ ಹುದ್ದೆಯ ಬಲದಿಂದಲೇ ಡೆಲಿಗೇಟ್‌ಗಳು. ಯಾರಿಗೆ ಬೇಕಾದರೂ ಮತ ಹಾಕಬಹುದು, ಮನಸ್ಸನ್ನೂ ಬದಲಿಸಬಹುದು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2023ರ ಜನವರಿಯಲ್ಲಿ ಮಿಷಿಗನ್‌ನಿಂದ ಸಂಸದರಾದಾಗ, ಆ ಸ್ಥಾನದ ಜೊತೆಗೆ ಅವರಿಗೂ ಈ ಹಕ್ಕು ಬಂತು.

ಒಂದು ಮೊತ್ತದೊಳಗೆ ಮೂರು ಲೆಕ್ಕ

ಪಟ್ಟಿಯಲ್ಲಿ ಕಾಣುವ ಸಂಖ್ಯೆಯನ್ನು ಬಿಡಿಸಿ ನೋಡಿದರೆ ಮೂರು ಬಗೆಯ ಡೆಲಿಗೇಟ್‌ಗಳು ಸಿಗುತ್ತಾರೆ. ಪ್ರೈಮರಿ ಫಲಿತಾಂಶ ಹೊರಬಿದ್ದು ನಿಯಮದಂತೆ ಹಂಚಿಕೆಯಾದವರು ಮೊದಲ ಬಗೆ. ಇವರು ಬದ್ಧ ಡೆಲಿಗೇಟ್‌ಗಳು, ಲೆಕ್ಕದ ಗಟ್ಟಿ ಭಾಗ. ಎರಡನೆಯ ಬಗೆ ಮುಂದೆ ಸಿಗಬಹುದು ಎಂಬ ಅಂದಾಜಿನವರು. ಮೂರನೆಯವರು ಯಾರಿಗೂ ಕಟ್ಟುಬೀಳದೆ, ‘ನನ್ನ ಬೆಂಬಲ ಇಂಥವರಿಗೆ’ ಎಂದು ಮಾತು ಕೊಟ್ಟವರು. ಇವರ ಲೆಕ್ಕ ಸಿಗುವುದು ಫೋನ್ ಮಾಡಿ ಒಬ್ಬೊಬ್ಬರನ್ನೇ ಕೇಳಿದಾಗ.

ಎರಡನೆಯ ಬಗೆಯೇ ಹೆಚ್ಚು ಮೋಸ ಮಾಡುವುದು. ಕಾಕಸ್ ಒಂದೇ ರಾತ್ರಿಗೆ ಮುಗಿಯುವುದಿಲ್ಲ. ಅಯೋವಾದಲ್ಲಿ ಜನವರಿಯ ರಾತ್ರಿ ಜನ ಸೇರಿ ಆರಿಸುತ್ತಿದ್ದದ್ದು ಕೌಂಟಿ (ರಾಜ್ಯದೊಳಗಿನ ಆಡಳಿತ ಘಟಕ) ಸಮಾವೇಶಕ್ಕೆ ಹೋಗುವವರನ್ನು. ಕೌಂಟಿಯಿಂದ ಜಿಲ್ಲೆಗೆ (ಅಲ್ಲಿ ಜಿಲ್ಲೆ ಎಂದರೆ ಚುನಾವಣಾ ಕ್ಷೇತ್ರ), ಅಲ್ಲಿಂದ ರಾಜ್ಯ ಸಮಾವೇಶಕ್ಕೆ. ರಾಷ್ಟ್ರೀಯ ಡೆಲಿಗೇಟ್‌ಗಳು ಯಾರು ಎಂದು ಪೂರ್ತಿ ಗೊತ್ತಾಗುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. 2008ರಲ್ಲಿ ಕಾಕಸ್ ಮುಗಿದಾಗ ಸುದ್ದಿಸಂಸ್ಥೆಗಳ ಅಂದಾಜು ಹೀಗಿತ್ತು: ಒಬಾಮಾಗೆ 16, ಕ್ಲಿಂಟನ್‌ಗೆ 15, ಜಾನ್ ಎಡ್ವರ್ಡ್ಸ್‌ಗೆ 14. ಜನವರಿ ಕೊನೆಗೆ ಎಡ್ವರ್ಡ್ಸ್ ಹಿಂದೆ ಸರಿದರು. ಮಾರ್ಚ್‌ನ ಕೌಂಟಿ ಸಮಾವೇಶಗಳಲ್ಲಿ ಅವರ ಕಡೆಯವರು ದೊಡ್ಡ ಸಂಖ್ಯೆಯಲ್ಲಿ ಒಬಾಮಾ ಕಡೆ ಹೋದರು. ಒಂದೂ ಹೊಸ ಮತ ಬೀಳದೆ ಪಟ್ಟಿ ಬದಲಾಯಿತು.

2012ರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಆದದ್ದು ಇದಕ್ಕಿಂತ ವಿಚಿತ್ರ. ಅಯೋವಾ ಕಾಕಸ್ ರಾತ್ರಿ ಮಿಟ್ ರಾಮ್ನಿ 8 ಮತಗಳಿಂದ ಗೆದ್ದರು ಎಂದು ಘೋಷಣೆಯಾಯಿತು. ಎರಡು ವಾರ ಕಳೆದ ಮೇಲೆ ಅಧಿಕೃತ ಲೆಕ್ಕ ಬಂದಾಗ ರಿಕ್ ಸ್ಯಾಂಟೋರಂ 34 ಮತ ಮುಂದಿದ್ದರು. ಸಮಾವೇಶದ ಮತದಾನದಲ್ಲಿ ಅಯೋವಾದ 28ರಲ್ಲಿ 22 ಮತ ಬಿದ್ದದ್ದು ಇವರಿಬ್ಬರಿಗೂ ಅಲ್ಲ, ಕಾಕಸ್‌ನಲ್ಲಿ ಮೂರನೆಯವರಾಗಿದ್ದ ರಾನ್ ಪಾಲ್‌ಗೆ! ಕಾಕಸ್ ರಾತ್ರಿಯ ಮತಕ್ಕೂ ಡೆಲಿಗೇಟ್ ಆಯ್ಕೆಗೂ ಆಗ ಕಟ್ಟುಪಾಡಿನ ನಂಟೇ ಇರಲಿಲ್ಲ. ಬೇರೆಯವರು ಮನೆಗೆ ಹೋದ ಮೇಲೂ ಪಾಲ್ ಬೆಂಬಲಿಗರು ಸಭೆಯಲ್ಲಿ ಕೂತರು, ಮುಂದಿನ ಹಂತಕ್ಕೆ ತಮ್ಮವರನ್ನೇ ಕಳಿಸಿದರು. ಇದಾದ ಮೇಲೆ ರಿಪಬ್ಲಿಕನ್ ಪಕ್ಷ ನಿಯಮ ಬಿಗಿ ಮಾಡಿತು.

ಗೆದ್ದವರಿಗೆ ಕಡಿಮೆ, ಸೋತವರಿಗೆ ಜಾಸ್ತಿ

‘ಅಂಥವರು ರಾಜ್ಯ ಗೆದ್ದರು’ ಎಂಬ ಶೀರ್ಷಿಕೆಯ ಕೆಳಗೆ ‘ಡೆಲಿಗೇಟ್ ಜಾಸ್ತಿ ಸಿಕ್ಕಿದ್ದು ಇನ್ನೊಬ್ಬರಿಗೆ’ ಎಂದು ಬರೆದಿದ್ದರೆ ಯಾರಿಗಾದರೂ ತಲೆ ತಿರುಗುತ್ತದೆ. 2008ರ ಜನವರಿ 19ರಂದು ನೆವಾಡಾದಲ್ಲಿ ಆದದ್ದು ಇದೇ. ಕ್ಲಿಂಟನ್ ಸುಮಾರು ಶೇ 51, ಒಬಾಮಾ ಸುಮಾರು ಶೇ 45. ಡೆಲಿಗೇಟ್ ಮಾತ್ರ ಒಬಾಮಾಗೆ 13, ಕ್ಲಿಂಟನ್‌ಗೆ 12.

2018ರ ಕರ್ನಾಟಕ ವಿಧಾನಸಭೆ ಚುನಾವಣೆ ನೆನಪಿರುವವರಿಗೆ ಇದು ತೀರಾ ಹೊಸದಲ್ಲ. ಕಾಂಗ್ರೆಸ್‌ಗೆ ಶೇ 38ರಷ್ಟು ಮತ ಬಂದಿತ್ತು, ಬಿಜೆಪಿಗೆ ಶೇ 36ರಷ್ಟು. ಆದರೂ 104 ಸ್ಥಾನ ಪಡೆದು ದೊಡ್ಡ ಪಕ್ಷವಾದದ್ದು ಬಿಜೆಪಿ. ಒಟ್ಟು ಮತ ಎಷ್ಟು ಎನ್ನುವುದಕ್ಕಿಂತ ಅದು ಎಲ್ಲೆಲ್ಲಿ ಬಿತ್ತು ಎನ್ನುವುದು ಮುಖ್ಯವಾಯಿತು. ಡೆಮಾಕ್ರಟಿಕ್ ಪ್ರೈಮರಿಯಲ್ಲೂ ಹಂಚಿಕೆಯ ದೊಡ್ಡ ಪಾಲು ಜಿಲ್ಲೆಗಳ ಮಟ್ಟದಲ್ಲೇ ನಡೆಯುತ್ತದೆ. ಉಳಿದದ್ದು ಇಡೀ ರಾಜ್ಯದ ಮತದ ಮೇಲೆ.

ಇಲ್ಲೊಂದು ಸಣ್ಣ ಗಣಿತವಿದೆ. ಒಂದು ಜಿಲ್ಲೆಗೆ 4 ಡೆಲಿಗೇಟ್, ಇಬ್ಬರು ಅಭ್ಯರ್ಥಿಗಳು ಎಂದುಕೊಳ್ಳಿ. ಒಬ್ಬರಿಗೆ ಶೇ 60 ಮತ ಬಂದರೆ ಅವರ ಪಾಲು 2.4, ಇನ್ನೊಬ್ಬರದು 1.6. ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ 2–2. ಇಪ್ಪತ್ತು ಅಂಶಗಳ ಗೆಲುವಿಗೂ ಲಾಭ ಸೊನ್ನೆ! 3–1 ಆಗಬೇಕಾದರೆ ಶೇ 62.5 ದಾಟಬೇಕು. ಪಕ್ಕದ ಜಿಲ್ಲೆಗೆ 3 ಡೆಲಿಗೇಟ್ ಇದ್ದರೆ? ಶೇ 50ಕ್ಕಿಂತ ಒಂದೇ ಮತ ಜಾಸ್ತಿ ಬಂದರೂ ಸಾಕು, 2–1. ಅಂದರೆ ಬೆಸ ಸಂಖ್ಯೆಯ ಜಿಲ್ಲೆಯಲ್ಲಿ ಕೂದಲೆಳೆಯ ಗೆಲುವಿಗೂ ಬೆಲೆ ಇದೆ. ಸಮ ಸಂಖ್ಯೆಯ ಜಿಲ್ಲೆಯಲ್ಲಿ ಭಾರಿ ಗೆಲುವೂ ಕೆಲವೊಮ್ಮೆ ನೀರುಪಾಲು.

ಇದರ ಜೊತೆಗೆ ಶೇ 15ರ ಮಿತಿ ಇದೆ. ರಾಜ್ಯದಲ್ಲಾಗಲಿ ಜಿಲ್ಲೆಯಲ್ಲಾಗಲಿ ಅಷ್ಟು ಮತ ಬಾರದವರಿಗೆ ಅಲ್ಲಿನ ಹಂಚಿಕೆಯಲ್ಲಿ ಪಾಲಿಲ್ಲ. ಎರಡು ಕಡೆಯ ಮಿತಿಯನ್ನೂ ಬೇರೆ ಬೇರೆಯಾಗಿ ನೋಡಬೇಕು. 2024ರಲ್ಲಿ ಮಿಷಿಗನ್‌ನಲ್ಲಿ ಗಾಜಾ ಯುದ್ಧದ ವಿಚಾರದಲ್ಲಿ ಬೈಡನ್ ಮೇಲೆ ಸಿಟ್ಟಾದ ಒಂದು ಲಕ್ಷಕ್ಕೂ ಹೆಚ್ಚು ಜನ ‘ಯಾರಿಗೂ ಬದ್ಧವಲ್ಲ’ ಎಂಬ ಆಯ್ಕೆಗೆ ಮತ ಹಾಕಿದರು. ರಾಜ್ಯದ ಲೆಕ್ಕದಲ್ಲಿ ಅದು ಶೇ 13ರ ಆಸುಪಾಸು. ಮಿತಿಗಿಂತ ಕಡಿಮೆ. ಆದರೆ ಎರಡು ಜಿಲ್ಲೆಗಳಲ್ಲಿ ಶೇ 15 ದಾಟಿತು, 2 ಡೆಲಿಗೇಟ್ ಸಿಕ್ಕಿತು.

ಎಲ್ಲ ಜಿಲ್ಲೆಗಳ ತೂಕವೂ ಒಂದೇ ಅಲ್ಲ. ಹಿಂದಿನ ಚುನಾವಣೆಗಳಲ್ಲಿ ಪಕ್ಷಕ್ಕೆ ಜಾಸ್ತಿ ಮತ ಕೊಟ್ಟ ಜಿಲ್ಲೆಗೆ ಡೆಮಾಕ್ರಟಿಕ್ ಪಕ್ಷ ಜಾಸ್ತಿ ಡೆಲಿಗೇಟ್ ಕೊಡುತ್ತದೆ. 2008ರಲ್ಲಿ ಟೆಕ್ಸಸ್‌ನ ಆಸ್ಟಿನ್ ಸುತ್ತಲಿನ ಜಿಲ್ಲೆಗೆ 8 ಡೆಲಿಗೇಟ್ ಇತ್ತು. ಕ್ಲಿಂಟನ್‌ಗೆ ಬಲವಿದ್ದ, ಹಿಸ್ಪಾನಿಕ್ ಮತದಾರರು ಹೆಚ್ಚಿದ್ದ ಕೆಲವು ಜಿಲ್ಲೆಗಳಿಗೆ 3 ಅಥವಾ 4. ಅದರ ಮೇಲೆ ಟೆಕ್ಸಸ್‌ನಲ್ಲಿ ಆಗ ಎರಡು ಹಂತದ ಪದ್ಧತಿ ಇತ್ತು. ಹಗಲು ಪ್ರೈಮರಿ, ಅದೇ ದಿನ ಸಂಜೆ ಕಾಕಸ್. ಪ್ರೈಮರಿ ಗೆದ್ದದ್ದು ಕ್ಲಿಂಟನ್, 65–61 ಡೆಲಿಗೇಟ್. ಕಾಕಸ್ ಗೆದ್ದದ್ದು ಒಬಾಮಾ, 38–29. ಎರಡನ್ನೂ ಕೂಡಿಸಿದರೆ ಒಬಾಮಾಗೆ 99, ಕ್ಲಿಂಟನ್‌ಗೆ 94. ಮಾರ್ಚ್ 4ರ ರಾತ್ರಿ ಟಿವಿಯಲ್ಲಿ ಕ್ಲಿಂಟನ್ ಗೆಲುವಿನ ಭಾಷಣ ನಡೆಯುತ್ತಿದ್ದರೆ, ಒಬಾಮಾ ಕಡೆಯ ಲೆಕ್ಕಿಗರು ನೋಡುತ್ತಿದ್ದದ್ದು ಬೇರೆಯದೇ ಅಂಕಿಗಳನ್ನು.

ಒಬಾಮಾ ತಂಡದಲ್ಲಿ ಈ ಲೆಕ್ಕಕ್ಕೆಂದೇ ಜೆಫ್ ಬರ್ಮನ್ ಎಂಬ ವಕೀಲರಿದ್ದರು. ಸಣ್ಣ ಕಾಕಸ್ ರಾಜ್ಯಗಳನ್ನು ಅವರ ತಂಡ ನಿರ್ಲಕ್ಷಿಸಲಿಲ್ಲ. ಅದರ ಫಲ ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಸೂಪರ್ ಮಂಗಳವಾರ, ಅಂದರೆ ಫೆಬ್ರವರಿ 5ರಂದು, ಕಾಣಿಸಿತು. ನ್ಯೂಜೆರ್ಸಿಯಲ್ಲಿ 11 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಕ್ಲಿಂಟನ್ 59–48ರಿಂದ ಗೆದ್ದರು, ಲಾಭ 11 ಡೆಲಿಗೇಟ್. ಐಡಾಹೊದಲ್ಲಿ ಕಾಕಸ್‌ಗೆ ಬಂದವರು ಸುಮಾರು 21,000 ಜನ. ಒಬಾಮಾ 15–3ರಿಂದ ಗೆದ್ದರು, ಲಾಭ 12. ದೊಡ್ಡ ರಾಜ್ಯದ ಗೆಲುವು ಸಣ್ಣ ರಾಜ್ಯದ ಗೆಲುವಿನ ಮುಂದೆ ಸೋತಿತು. ಇದು ನ್ಯಾಯವೇ ಎಂಬ ಪ್ರಶ್ನೆ ಆಗಲೂ ಎದ್ದಿತ್ತು. ಕ್ಲಿಂಟನ್ ಬೆಂಬಲಿಗರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ: ಸಂಜೆ ಹೊತ್ತು ಎರಡು ಗಂಟೆ ಸಭೆಯಲ್ಲಿ ಕೂರಲು ಪಾಳಿ ಕೆಲಸದವರಿಗೆ, ವಯಸ್ಸಾದವರಿಗೆ, ಮಕ್ಕಳಿರುವ ತಾಯಂದಿರಿಗೆ ಆಗುವುದಿಲ್ಲ. ಆದರೆ ನಿಯಮ ಇಬ್ಬರಿಗೂ ಮೊದಲೇ ಗೊತ್ತಿತ್ತು.

ಮುನ್ನಡೆ ಚಿಕ್ಕದು, ದಾಟುವುದು ಕಷ್ಟ

ಪಾಲಿನ ಪ್ರಕಾರ ಹಂಚುವ ಪದ್ಧತಿಯ ಇನ್ನೊಂದು ಪರಿಣಾಮ ಬೇಗ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಹಿಂದೆ ಬಿದ್ದರೆ ಮೇಲೆ ಬರುವುದು ತುಂಬಾ ಕಷ್ಟ.

2008ರ ಫೆಬ್ರವರಿಯಲ್ಲಿ ಒಬಾಮಾ ಸಾಲಾಗಿ ಹನ್ನೊಂದು ಸ್ಪರ್ಧೆ ಗೆದ್ದರು. ಬದ್ಧ ಡೆಲಿಗೇಟ್‌ಗಳಲ್ಲಿ ಅವರ ಮುನ್ನಡೆ ಸುಮಾರು 150. ಹಂಚಲು ಉಳಿದದ್ದು ಹತ್ತಿರ ಹತ್ತಿರ ಸಾವಿರ. ಆ ಸಾವಿರದಲ್ಲಿ 575 ಪಡೆದರೆ ಮಾತ್ರ ಕ್ಲಿಂಟನ್ ಸಮ ಆಗುತ್ತಿದ್ದರು. ಅಂದರೆ ಉಳಿದ ಎಲ್ಲ ಕಡೆಯೂ ಸರಾಸರಿ 15 ಅಂಶಗಳ ಅಂತರದಲ್ಲಿ ಗೆಲ್ಲಬೇಕು. ಪೆನ್ಸಿಲ್ವೇನಿಯಾದಲ್ಲಿ ಅವರು ಸುಮಾರು 9 ಅಂಶಗಳಿಂದ ಗೆದ್ದರು. ಪತ್ರಿಕೆಗಳಲ್ಲಿ ಅದು ದೊಡ್ಡ ಗೆಲುವು. ಡೆಲಿಗೇಟ್ ಲೆಕ್ಕದಲ್ಲಿ 85–73, ಲಾಭ ಬರೀ 12. ಗೆದ್ದ ದಿನವೂ ಅವರು ಗುರಿಯಿಂದ ದೂರ ಸರಿಯುತ್ತಿದ್ದರು. ಸುದ್ದಿಯಲ್ಲಿ ಸ್ಪರ್ಧೆ ಜೂನ್‌ವರೆಗೆ ಉಸಿರು ಬಿಗಿಹಿಡಿಸುವಂತೆ ಕಂಡರೂ, ಲೆಕ್ಕದಲ್ಲಿ ಮಾರ್ಚ್‌ಗೇ ಬಹುಪಾಲು ತೀರ್ಮಾನವಾಗಿತ್ತು.

ಹಾಗಾಗಿ ಪಟ್ಟಿ ನೋಡುವಾಗ ‘ಯಾರು ಎಷ್ಟು ರಾಜ್ಯ ಗೆದ್ದರು’ ಎಂದು ಕೇಳುವುದಕ್ಕಿಂತ, ಹಿಂದಿರುವವರು ಉಳಿದದ್ದರಲ್ಲಿ ಶೇಕಡಾ ಎಷ್ಟು ಗೆಲ್ಲಬೇಕು ಎಂದು ಕೇಳುವುದು ಒಳ್ಳೆಯದು. ಆ ಒಂದು ಅಂಕಿ ಹತ್ತು ಚರ್ಚೆಗಳಿಗಿಂತ ಜಾಸ್ತಿ ಹೇಳುತ್ತದೆ.

ರಿಪಬ್ಲಿಕನ್ನರ ಪದ್ಧತಿ ಬೇರೆ

ರಿಪಬ್ಲಿಕನ್ ಪಕ್ಷದಲ್ಲಿ ಈ ಗಣಿತ ತಲೆಕೆಳಗಾಗುತ್ತದೆ. ಅಲ್ಲಿ ಬಹಳ ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ ಅಥವಾ ಹೆಚ್ಚಿನ ಪಾಲು. 2016ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಟ್ರಂಪ್‌ಗೆ ಬಂದದ್ದು ಶೇ 32.5 ಮತ. ಮೂವರಲ್ಲಿ ಇಬ್ಬರು ಬೇರೆಯವರಿಗೆ ಮತ ಹಾಕಿದ್ದರು. ಆದರೂ ಅಲ್ಲಿನ 50 ಡೆಲಿಗೇಟ್‌ಗಳಲ್ಲಿ 50 ಅವರಿಗೇ. ಎದುರಾಳಿಗಳು ಹಲವರಿದ್ದು ಮತ ಹಂಚಿಹೋದರೆ ಈ ಪದ್ಧತಿ ಮುಂದಿರುವವರನ್ನು ಎತ್ತಿ ಇನ್ನೂ ಮೇಲೆ ಕೂರಿಸುತ್ತದೆ. ಡೆಮಾಕ್ರಟಿಕ್ ನಿಯಮಗಳಿದ್ದಿದ್ದರೆ ಆ ವರ್ಷದ ಸ್ಪರ್ಧೆ ತುಂಬಾ ಉದ್ದ ಎಳೆಯುತ್ತಿತ್ತು.

ಅಲ್ಲಿ ಪ್ರತಿ ಸಂಸದೀಯ ಜಿಲ್ಲೆಗೂ ಮೂರೇ ಡೆಲಿಗೇಟ್. ರಿಪಬ್ಲಿಕನ್ನರು ಬೆರಳೆಣಿಕೆಯಷ್ಟಿರುವ ಸ್ಯಾನ್ ಫ್ರಾನ್ಸಿಸ್ಕೊಗೂ ಮೂರು, ಅವರೇ ತುಂಬಿರುವ ಹಳ್ಳಿಗಾಡಿನ ಜಿಲ್ಲೆಗೂ ಮೂರು. ರಾಜ್ಯ ಘಟಕಗಳು ನಿಯಮವನ್ನು ಚುನಾವಣೆಗೆ ಕೆಲವೇ ತಿಂಗಳ ಮೊದಲು ಬದಲಿಸುವುದೂ ಉಂಟು. 2023ರಲ್ಲಿ ಕ್ಯಾಲಿಫೋರ್ನಿಯಾ ರಿಪಬ್ಲಿಕನ್ನರು ಅರ್ಧಕ್ಕಿಂತ ಹೆಚ್ಚು ಮತ ಪಡೆದವರಿಗೆ 169 ಡೆಲಿಗೇಟ್‌ಗಳೂ ಸೇರಬೇಕು ಎಂದು ನಿರ್ಧರಿಸಿದರು. ಮುಂದಿದ್ದ ಟ್ರಂಪ್‌ಗೆ ಅದು ವರವಾಯಿತು.

2024ರ ನೆವಾಡಾದಲ್ಲಂತೂ ಮತದಾರರಿಗೇ ಗೊಂದಲ. ಫೆಬ್ರವರಿ 6ರಂದು ರಾಜ್ಯ ಸರ್ಕಾರ ಪ್ರೈಮರಿ ನಡೆಸಿತು. ನಿಕ್ಕಿ ಹೇಲಿ ಅದರಲ್ಲಿ ನಿಂತರು, ‘ಇವರಲ್ಲಿ ಯಾರೂ ಬೇಡ’ ಎಂಬ ಆಯ್ಕೆಯ ಎದುರು ಸೋತರು. ಎರಡು ದಿನ ಬಿಟ್ಟು ಪಕ್ಷ ತನ್ನದೇ ಕಾಕಸ್ ನಡೆಸಿತು. ಡೆಲಿಗೇಟ್ ಇದ್ದದ್ದು ಕಾಕಸ್‌ಗೆ ಮಾತ್ರ. 26 ಡೆಲಿಗೇಟ್‌ಗಳೂ ಟ್ರಂಪ್ ಪಾಲಾದವು. ಪ್ರೈಮರಿಗೆ ಹೋದ ಮತದಾರರ ಮತಕ್ಕೆ ಡೆಲಿಗೇಟ್ ಲೆಕ್ಕದಲ್ಲಿ ಬೆಲೆಯೇ ಇರಲಿಲ್ಲ.

ಡೆಲಿಗೇಟ್ ಎಂದರೆ ಅಂಕಿಯಲ್ಲ, ಒಬ್ಬ ಮನುಷ್ಯ ಎನ್ನುವುದೂ ಇಲ್ಲಿ ಮುಖ್ಯ. 2016ರಲ್ಲಿ ಟೆಡ್ ಕ್ರೂಜ್ ತಂಡ ಟ್ರಂಪ್ ಗೆದ್ದ ರಾಜ್ಯಗಳಲ್ಲೂ ತಮ್ಮ ಕಡೆಯವರನ್ನೇ ಡೆಲಿಗೇಟ್‌ಗಳಾಗಿ ಕೂರಿಸಲು ಹೊರಟಿತು. ಸಮಾವೇಶದ ಮೊದಲ ಸುತ್ತಿನ ಮತದಾನದಲ್ಲಿ ಅವರು ಟ್ರಂಪ್‌ಗೇ ಮತ ಹಾಕಬೇಕು. ಯಾರಿಗೂ ಬಹುಮತ ಬಾರದೆ ಎರಡನೇ ಸುತ್ತು ಬಂದರೆ ಹೆಚ್ಚಿನವರು ಸ್ವತಂತ್ರರು. ಪಟ್ಟಿಯಲ್ಲಿ ಟ್ರಂಪ್ ಹೆಸರಿನಲ್ಲಿದ್ದ ಸಂಖ್ಯೆಯೊಳಗೆ ಹೀಗೆ ಕ್ರೂಜ್ ಬೆಂಬಲಿಗರೂ ಇದ್ದರು. ಟ್ರಂಪ್ 1,237ರ ಗುರಿ ಮುಟ್ಟಿದ್ದರಿಂದ ಆ ಪರೀಕ್ಷೆ ನಡೆಯಲಿಲ್ಲ.

ಗುರಿಯೇ ಜಾಗ ಬದಲಿಸಿದಾಗ

ಪಡೆದ ಸಂಖ್ಯೆ ಮಾತ್ರವಲ್ಲ, ಬೇಕಾದ ಸಂಖ್ಯೆಯೂ ಬದಲಾಗುತ್ತದೆ. 2008ರಲ್ಲಿ ಮಿಷಿಗನ್ ಮತ್ತು ಫ್ಲಾರಿಡಾ ಪಕ್ಷದ ವೇಳಾಪಟ್ಟಿ ಮೀರಿ ಜನವರಿಯಲ್ಲೇ ಪ್ರೈಮರಿ ನಡೆಸಿದವು. ಪಕ್ಷ ಅವೆರಡರ ಎಲ್ಲ ಡೆಲಿಗೇಟ್‌ಗಳನ್ನೂ ಕಿತ್ತುಕೊಂಡಿತು. ಮಿಷಿಗನ್ ಮತಪತ್ರದಲ್ಲಿ ಒಬಾಮಾ ಹೆಸರೇ ಇರಲಿಲ್ಲ. ಆಗ ಗೆಲ್ಲಲು ಬೇಕಾದದ್ದು 2,025. ಮೇ 31ರಂದು ಪಕ್ಷದ ನಿಯಮ ಸಮಿತಿ ದಿನವಿಡೀ ಸಭೆ ನಡೆಸಿ, ಎರಡೂ ರಾಜ್ಯಗಳ ಡೆಲಿಗೇಟ್‌ಗಳಿಗೆ ತಲಾ ಅರ್ಧ ಮತ ಕೊಟ್ಟಿತು. ಗುರಿ 2,118ಕ್ಕೆ ಏರಿತು. ಮಿಷಿಗನ್‌ನ ಡೆಲಿಗೇಟ್‌ಗಳನ್ನು 69–59 ಎಂದು ಹಂಚಿದರು. ಮತದ ಪ್ರಕಾರವಾದರೆ ತಮಗೆ 73 ಬರಬೇಕಿತ್ತು ಎಂದು ಕ್ಲಿಂಟನ್ ಕಡೆಯವರು ಸಿಡಿದೆದ್ದರು.

ಅಲ್ಲಿಯವರೆಗೆ ಎರಡು ಕಡೆಯವರೂ ಬೇರೆ ಬೇರೆ ಗುರಿ ಹೇಳುತ್ತಿದ್ದರು. ಒಬಾಮಾ ಕಡೆಯವರದು ಎರಡು ರಾಜ್ಯ ಬಿಟ್ಟ ಲೆಕ್ಕ, ಕ್ಲಿಂಟನ್ ಕಡೆಯವರದು ಸೇರಿಸಿದ ಲೆಕ್ಕ. 2028ಕ್ಕೆ ಇದು ಹಳೆಯ ಕಥೆಯಲ್ಲ. 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಸೌತ್ ಕ್ಯಾರೊಲಿನಾಗೆ ಮೊದಲ ಸ್ಥಾನ ಕೊಟ್ಟಾಗ ನ್ಯೂ ಹ್ಯಾಂಪ್‌ಶೈರ್ ಒಪ್ಪದೆ ತನ್ನ ಕಾನೂನಿನಂತೆ ಜನವರಿ 23ರಂದೇ ಮತದಾನ ನಡೆಸಿತು. ಆ ಮತಕ್ಕೆ ಡೆಲಿಗೇಟ್ ಇಲ್ಲ ಎಂದಿತು ಪಕ್ಷ. ಕೊನೆಗೆ ರಾಜಿಯಾಯಿತು. ಬೈಡನ್‌ಗೆ ಗಟ್ಟಿ ಎದುರಾಳಿ ಇರಲಿಲ್ಲ, ಹಾಗಾಗಿ ಯಾರಿಗೂ ನಷ್ಟವಾಗಲಿಲ್ಲ. ನಿಜವಾದ ಪೈಪೋಟಿ ಇರುವ ವರ್ಷ ಇದೇ ಜಗಳ ಮತ್ತೆ ಆದರೆ, ಗುರಿ ಎಷ್ಟು ಎಂಬುದರಲ್ಲೇ ಎರಡು ಲೆಕ್ಕ ಹುಟ್ಟುತ್ತದೆ.

ಎಣಿಸುವುದೇ ಸ್ಪರ್ಧೆಯ ಭಾಗವಾದಾಗ

2015ರ ನವೆಂಬರ್. ಒಂದು ಮತವೂ ಬಿದ್ದಿರಲಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸೂಪರ್ ಡೆಲಿಗೇಟ್‌ಗಳನ್ನು ಕೇಳಿ ಲೆಕ್ಕ ಕೊಟ್ಟಿತು: ಕ್ಲಿಂಟನ್‌ಗೆ 359, ಬರ್ನಿ ಸ್ಯಾಂಡರ್ಸ್‌ಗೆ 8. ಫೆಬ್ರವರಿಯಲ್ಲಿ ಸ್ಯಾಂಡರ್ಸ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸುಮಾರು 22 ಅಂಶಗಳಿಂದ ಗೆದ್ದರು. ಬದ್ಧ ಡೆಲಿಗೇಟ್ 15–9. ಆದರೆ ಆ ರಾಜ್ಯದ ಆರು ಸೂಪರ್ ಡೆಲಿಗೇಟ್‌ಗಳು ಕ್ಲಿಂಟನ್ ಕಡೆ ಇದ್ದರು. ಹಲವು ಪಟ್ಟಿಗಳಲ್ಲಿ ಫಲಿತಾಂಶ 15–15 ಎಂದು ಕಂಡಿತು. ಮತ ಹಾಕಿದ ಜನರಿಗೆ ಹೇಗೆ ಅನ್ನಿಸಿರಬಹುದು?

ಜೂನ್ 6ರಂದು ಮತ್ತೂ ಒಂದು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಸೇರಿದಂತೆ ಆರು ರಾಜ್ಯಗಳ ಮತದಾನಕ್ಕೆ ಒಂದು ದಿನ ಇರುವಾಗ, ಸೂಪರ್ ಡೆಲಿಗೇಟ್‌ಗಳ ಮಾತು ಸೇರಿಸಿ ಕ್ಲಿಂಟನ್ 2,383 ಮುಟ್ಟಿದ್ದಾರೆ ಎಂದು ಅದೇ ಸಂಸ್ಥೆ ಘೋಷಿಸಿತು.

ಸುದ್ದಿಸಂಸ್ಥೆಯ ವಾದ ಸ್ಪಷ್ಟ: ಗೊತ್ತಾದ ಸುದ್ದಿಯನ್ನು ಮುಚ್ಚಿಡುವುದು ನಮ್ಮ ಕೆಲಸವಲ್ಲ. ಸೂಪರ್ ಡೆಲಿಗೇಟ್‌ಗಳೂ ನಿಯಮದ ಪ್ರಕಾರ ಮತದಾರರೇ. ಸ್ಯಾಂಡರ್ಸ್ ಬೆಂಬಲಿಗರ ವಾದ: ಅವರು ಮತ ಹಾಕುವುದು ಜುಲೈನಲ್ಲಿ, ಅಲ್ಲಿಯವರೆಗೆ ಮನಸ್ಸು ಬದಲಿಸಬಹುದು. 2008ರಲ್ಲಿ ಕ್ಲಿಂಟನ್ ಕಡೆಯಿಂದ ಒಬಾಮಾ ಕಡೆಗೆ ಹೋಗಿರಲಿಲ್ಲವೇ? ಮೊದಲೇ ಗೆಲುವು ಸಾರಿದರೆ ಮತಗಟ್ಟೆಗೆ ಹೋಗುವವರು ಯಾರು?

ಎರಡನೆಯ ವಾದವೇ ಹೆಚ್ಚು ತೂಕದ್ದು. ಫಲಿತಾಂಶದಲ್ಲಿ ಅದರಿಂದ ವ್ಯತ್ಯಾಸವಾಗಲಿಲ್ಲ, ನಿಜ. ಬದ್ಧ ಡೆಲಿಗೇಟ್‌ಗಳಲ್ಲೇ ಕ್ಲಿಂಟನ್ 350ಕ್ಕೂ ಜಾಸ್ತಿ ಮುಂದಿದ್ದರು, ಅವರ ಗೆಲುವು ಜನರ ಮತದಿಂದಲೇ ಬಂದದ್ದು. ಆದರೆ ಬಿದ್ದ ಮತವನ್ನೂ ಕೊಟ್ಟ ಮಾತನ್ನೂ ಒಂದೇ ಕಾಲಂನಲ್ಲಿ ಹಾಕಿದ್ದರಿಂದ, ಈ ನೇರ ಗೆಲುವೂ ಹಲವರಿಗೆ ಮೋಸದಂತೆ ಕಂಡಿತು. ಆ ಅಪನಂಬಿಕೆ ಪಕ್ಷವನ್ನು ವರ್ಷಗಟ್ಟಲೆ ಕಾಡಿತು. 2018ರ ಆಗಸ್ಟ್‌ನಲ್ಲಿ ಪಕ್ಷ ನಿಯಮ ಬದಲಿಸಿತು. ಫಲಿತಾಂಶ ಅನುಮಾನದಲ್ಲಿದ್ದರೆ ಸೂಪರ್ ಡೆಲಿಗೇಟ್‌ಗಳು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ಎರಡನೇ ಸುತ್ತು ಬಂದರೆ ಮಾತ್ರ ಅವರಿಗೆ ಅವಕಾಶ.

ಬದ್ಧರು ಎಷ್ಟು ಬದ್ಧರು?

2024ರ ಜುಲೈ 21ರಂದು ಜೋ ಬೈಡನ್ ಹಿಂದೆ ಸರಿದಾಗ ಅವರ ಹೆಸರಿನಲ್ಲಿ ಸುಮಾರು 3,900 ಡೆಲಿಗೇಟ್‌ಗಳಿದ್ದರು. ಅಷ್ಟೂ ಜನ ಒಂದೇ ಪ್ರಕಟಣೆಯಿಂದ ಸ್ವತಂತ್ರರಾದರು. ಮರುದಿನ ರಾತ್ರಿ ಹೊತ್ತಿಗೆ, ಗೆಲ್ಲಲು ಬೇಕಾದಷ್ಟು ಡೆಲಿಗೇಟ್‌ಗಳು ಕಮಲಾ ಹ್ಯಾರಿಸ್‌ಗೆ ಬೆಂಬಲ ಹೇಳಿದ್ದರು. ಆ ಲೆಕ್ಕವೂ ಅಸೋಸಿಯೇಟೆಡ್ ಪ್ರೆಸ್ ಕೇಳಿ ಕೇಳಿ ಹಾಕಿದ್ದೇ. ಪಕ್ಷದ ಅಧಿಕೃತ ಮತದಾನ ನಡೆದದ್ದು ಆಗಸ್ಟ್ ಮೊದಲ ವಾರದಲ್ಲಿ, ಆನ್‌ಲೈನ್‌ನಲ್ಲಿ.

ಡೆಮಾಕ್ರಟಿಕ್ ನಿಯಮದ ಪ್ರಕಾರ ಡೆಲಿಗೇಟ್‌ಗಳು ತಮ್ಮನ್ನು ಆರಿಸಿದವರ ಮನಸ್ಸನ್ನು ಆತ್ಮಸಾಕ್ಷಿಯಿಂದ ಪ್ರತಿಬಿಂಬಿಸಬೇಕು. ಕಾನೂನಿನ ಸರಪಳಿ ಅಲ್ಲ ಅದು, ನೈತಿಕ ಹೊಣೆ. 1980ರಲ್ಲಿ ನಿಯಮ ಇದಕ್ಕಿಂತ ಬಿಗಿಯಾಗಿತ್ತು. ಟೆಡ್ ಕೆನಡಿ ಅದನ್ನು ಸಡಿಲಿಸಲು ಸಮಾವೇಶದಲ್ಲೇ ಹೋರಾಡಿ ಜಿಮ್ಮಿ ಕಾರ್ಟರ್ ಎದುರು ಸೋತರು. ಸಡಿಲವಾದದ್ದು ಆಮೇಲೆ.

2028ರಲ್ಲಿ ಏನಾಗಬಹುದು?

ಅಭ್ಯರ್ಥಿಗಳು ಜಾಸ್ತಿ ಇದ್ದಾಗ ಶೇ 15ರ ಮಿತಿ ಜೋರಾಗಿ ಕೆಲಸ ಮಾಡುತ್ತದೆ. ಒಂದು ರಾಜ್ಯದಲ್ಲಿ ಮೂವರಿಗೆ ಶೇ 30, 25, 18 ಬಂದು, ಉಳಿದ ಶೇ 27 ಮತ ಮಿತಿ ಮುಟ್ಟದವರಲ್ಲಿ ಹಂಚಿಹೋಯಿತು ಎಂದುಕೊಳ್ಳಿ. ಹಂಚಿಕೆ ಮೂವರ ನಡುವೆ ಮಾತ್ರ. ಶೇ 30 ಮತ ಪಡೆದವರಿಗೆ ಶೇ 41ರಷ್ಟು ಡೆಲಿಗೇಟ್ ಸಿಗುತ್ತದೆ. ಮೊದಲ ವಾರಗಳ ಪಟ್ಟಿಯಲ್ಲಿ ಮುಂದಿರುವವರು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಾರೆ. ನಾಲ್ಕೈದು ಜನ ಶೇ 15 ದಾಟುತ್ತಾ ಹೋದರೆ ಕಥೆಯೇ ಬೇರೆ. ಯಾರಿಗೂ ಅರ್ಧ ಸಿಗುವುದಿಲ್ಲ. ಈಗಿನ ನಿಯಮ ಹಾಗೆಯೇ ಉಳಿದರೆ ಎರಡನೇ ಸುತ್ತಿಗೆ 700ಕ್ಕೂ ಹೆಚ್ಚು ಸೂಪರ್ ಡೆಲಿಗೇಟ್‌ಗಳು ಒಳಗೆ ಬರುತ್ತಾರೆ. ಯಾವುದೇ ದೊಡ್ಡ ಪಕ್ಷದ ಸಮಾವೇಶ ಮೊದಲ ಸುತ್ತು ದಾಟಿದ್ದು 1952ರಲ್ಲೇ ಕೊನೆ. ಅಡ್ಲೈ ಸ್ಟೀವನ್‌ಸನ್ ಮೂರನೇ ಸುತ್ತಿನಲ್ಲಿ ಗೆದ್ದರು. ಪ್ರತಿ ಸಲ ಸಮಾವೇಶದಲ್ಲೇ ತೀರ್ಮಾನವಾಗುತ್ತದೆ ಎಂಬ ಮಾತು ಕೇಳಿಬರುತ್ತದೆ. ಪ್ರತಿ ಸಲವೂ ದುಡ್ಡು ಮುಗಿದವರು ಮೊದಲೇ ಹಿಂದೆ ಸರಿದು ಅದು ತಪ್ಪುತ್ತದೆ. 2020ರ ಫೆಬ್ರವರಿ ಕೊನೆಯಲ್ಲಿ ಬೈಡನ್ ಸೌತ್ ಕ್ಯಾರೊಲಿನಾ ಗೆದ್ದರು. ಮೂರೇ ದಿನದಲ್ಲಿ ಪೀಟ್ ಬುಟಿಜಜ್, ಏಮಿ ಕ್ಲೋಬಚರ್ ಕಣ ಬಿಟ್ಟು ಅವರ ಪರ ನಿಂತರು.

ಎಣಿಕೆ ನಿಧಾನವಾಗುವುದೂ ಖಂಡಿತ. ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಮತಗಳ ಎಣಿಕೆ ವಾರಗಟ್ಟಲೆ ನಡೆಯುತ್ತದೆ. 2020ರಲ್ಲಿ ಅಲ್ಲಿ 415 ಬದ್ಧ ಡೆಲಿಗೇಟ್‌ಗಳಿದ್ದರು. ಜಿಲ್ಲೆ ಜಿಲ್ಲೆಯ ಮತ ಪೂರ್ತಿ ಬಾರದೆ ಅವರನ್ನು ಹಂಚಲು ಆಗುವುದಿಲ್ಲ. ಸೂಪರ್ ಮಂಗಳವಾರ ರಾತ್ರಿ ಕಾಣುವ ಮೊತ್ತದಲ್ಲಿ ದೊಡ್ಡ ರಾಜ್ಯದ ದೊಡ್ಡ ಪಾಲು ಇರುವುದೇ ಇಲ್ಲ. ಆ ವರ್ಷ ಅಯೋವಾದಲ್ಲಿ ಆ್ಯಪ್ ಕೈಕೊಟ್ಟು, ಬುಟಿಜಜ್‌ಗೆ 14, ಸ್ಯಾಂಡರ್ಸ್‌ಗೆ 12 ಡೆಲಿಗೇಟ್ ಎಂದು ಲೆಕ್ಕ ಬಂದರೂ, ಜನರ ಮತದಲ್ಲಿ ಸ್ಯಾಂಡರ್ಸ್ ಮುಂದಿದ್ದರು. ಅಸೋಸಿಯೇಟೆಡ್ ಪ್ರೆಸ್ ಯಾರನ್ನೂ ವಿಜೇತರೆಂದು ಘೋಷಿಸಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಆ ನಿರ್ಧಾರ ಮೆಚ್ಚುವಂಥದ್ದು.

ಎಲ್ಲರೂ ಪಟ್ಟಿಯ ಮೊದಲ ಎರಡು ಸಾಲು ನೋಡುತ್ತಾರೆ. 2028ರಲ್ಲಿ ಕೆಳಗಿನ ಸಾಲುಗಳನ್ನೂ ನೋಡಬೇಕು. ಕಣ ಬಿಟ್ಟವರ ಹೆಸರಿನಲ್ಲಿ ಹತ್ತು, ಇಪ್ಪತ್ತು, ಅರವತ್ತು ಡೆಲಿಗೇಟ್‌ಗಳು ಉಳಿದಿರುತ್ತಾರೆ. ಡೆಮಾಕ್ರಟಿಕ್ ನಿಯಮದಲ್ಲಿ ಜಿಲ್ಲೆಯಿಂದ ಗೆದ್ದ ಡೆಲಿಗೇಟ್‌ಗಳು ಹಾಗೆಯೇ ಉಳಿಯುತ್ತಾರೆ. ರಾಜ್ಯ ಮಟ್ಟದ ಪಾಲು ಮಾತ್ರ, ಆಯ್ಕೆ ಇನ್ನೂ ಮುಗಿದಿಲ್ಲದಿದ್ದರೆ, ಕಣದಲ್ಲಿರುವವರಿಗೆ ಮರುಹಂಚಿಕೆಯಾಗುತ್ತದೆ. 2020ರ ಏಪ್ರಿಲ್ 8ರಂದು ಸ್ಯಾಂಡರ್ಸ್ ಪ್ರಚಾರ ನಿಲ್ಲಿಸಿದಾಗ ಅವರು ಹೀಗೆ ನೂರಾರು ಡೆಲಿಗೇಟ್‌ಗಳನ್ನು ಕಳೆದುಕೊಳ್ಳಬೇಕಿತ್ತು. ಅದೇ ತಿಂಗಳ ಕೊನೆಗೆ ಬೈಡನ್ ಕಡೆಯವರು ಮಾತುಕತೆ ನಡೆಸಿ, ಅವು ಸ್ಯಾಂಡರ್ಸ್ ಬಳಿಯೇ ಉಳಿಯಲಿ ಎಂದು ಒಪ್ಪಿಕೊಂಡರು. ಪಕ್ಷದ ನೀತಿ ಮತ್ತು ನಿಯಮ ಸಮಿತಿಗಳಲ್ಲಿ ಸ್ಯಾಂಡರ್ಸ್ ಬೆಂಬಲಿಗರಿಗೆ ಜಾಗ ಸಿಕ್ಕಿದ್ದು ಆ ಒಪ್ಪಂದದಿಂದ. ಅಂಥ ಒಪ್ಪಂದ ಮುಂದಿನ ಸಲ ಇಬ್ಬರ ನಡುವೆ ಅಲ್ಲ, ನಾಲ್ಕೈದು ಜನರ ನಡುವೆ ಆಗಬೇಕಾದೀತು. ಆಗ ಕೆಳಗಿನ ಸಾಲಿನ ಅರವತ್ತು ಡೆಲಿಗೇಟ್‌ಗಳ ಹಿಂದೆ ಎಲ್ಲರೂ ಬೀಳುತ್ತಾರೆ.